ಲ್ಯಾನ್ ಚಿಪ್ ಸತ್ತಿರಲಿಲ್ಲ: ಮಾಟುಂಗಾದ ಗಲ್ಲಾದಲ್ಲಿ 11 ದಿನ

ಮೊದಲೇ ಹೇಳಿಬಿಡುತ್ತೇನೆ, ಹೋಟೆಲಿನ ಗಲ್ಲಾಕ್ಕೆ ಕಟ್ಟಿಕೊಟ್ಟ ಕಂಪ್ಯೂಟರಿನ ಮದರ್‌ಬೋರ್ಡನ್ನು ನಾನು ಆರ್‌ಎಂಎಗೆ, ಅಂದರೆ ವಾರಂಟಿಯಲ್ಲಿ ಬದಲಾಯಿಸಲು, ಕೊಡಲಿಲ್ಲ. ಮುಂಬೈನ ಲ್ಯಾಮಿಂಗ್ಟನ್ ರೋಡಿನ ಮೂವರು ಕಂಪ್ಯೂಟರ್ ಅಂಗಡಿಯವರು, ಸರ್ವಿಸ್ ಸೆಂಟರಿನ ಕೌಂಟರಿನಲ್ಲಿದ್ದ ಹುಡುಗ, 15 ವರ್ಷದಿಂದ ಇದೇ ಲೈನಿನಲ್ಲಿರುವ ನನ್ನ ಗೆಳೆಯ, ಎಲ್ಲರದ್ದೂ ಒಂದೇ ಮಾತು: ಲ್ಯಾನ್ ಚಿಪ್ (ವೈರ್ ಮೂಲಕ ನೆಟ್‌ವರ್ಕಿಗೆ ಸೇರಿಸುವ ಚಿಪ್) ಹೋಗಿದೆ, ಬೋರ್ಡ್ ಬದಲಾಯಿಸು. ಈಗ ನಾಲ್ಕು ತಿಂಗಳಾಯಿತು. ದಿನಾ ಬೆಳಗ್ಗೆ ಐದೂವರೆಗೆ ಅದೇ ಬೋರ್ಡ್ ಆನ್ ಆಗುತ್ತಿದೆ. ಅದೇ ಚಿಪ್, ಅದೇ ಮ್ಯಾಕ್ ಅಡ್ರೆಸ್ (ಲ್ಯಾನ್ ಚಿಪ್ಪಿನ ಗುರುತಿನ ಸಂಖ್ಯೆ). ಒಂದು ದಿನವೂ ಲ್ಯಾನ್ ಕೈಕೊಟ್ಟಿಲ್ಲ.

ಮಾಟುಂಗಾ ಈಸ್ಟಿನಲ್ಲಿ ನಮ್ಮೂರ ಕಡೆಯವರ ಹೋಟೆಲ್ ಅದು. ಗಲ್ಲಾದ ಹಳೆ ಕಂಪ್ಯೂಟರ್ ಮಳೆಗಾಲದಲ್ಲಿ ಕೈಬಿಟ್ಟಿತು. ಧಣಿಗಳು ಹೊಸದು ಕಟ್ಟಿಕೊಡು ಎಂದರು. ಎಎಂಡಿಯ ಬಿ550 ಬೋರ್ಡ್, 16 ಜಿಬಿ ರ್ಯಾಮ್, 500 ಜಿಬಿಯ ಎನ್‌ವಿಎಂಇ ಡಿಸ್ಕ್. ಬೋರ್ಡಿಗೆ ಹತ್ತೂವರೆ ಸಾವಿರ ಚಿಲ್ಲರೆ ಬಿತ್ತು ಅಂತ ನೆನಪು. ಲ್ಯಾನ್ ಎರಡೂವರೆ ಗಿಗಾಬಿಟ್ಟಿನದು. ಡೊಂಬಿವಿಲಿಯ ನನ್ನ ಮನೆಯಲ್ಲಿ ಮೇಜಿನ ಮೇಲೆ ವಿಂಡೋಸ್ 10 ಹಾಕಿದಾಗ ಹಳದಿ ಗುರುತು ಬಂತು. ಹೊಸ ಲ್ಯಾನ್ ಚಿಪ್‌ಗೆ ಹಳೆ ಪೆನ್‌ಡ್ರೈವಿನಲ್ಲಿ ಡ್ರೈವರ್ ಇರುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಫೋನನ್ನು ಯುಎಸ್‌ಬಿ ಟೆದರಿಂಗ್‌ಗೆ ಹಾಕಿ ಡ್ರೈವರ್ ಇಳಿಸಿದೆ. ಎರಡು ರಾತ್ರಿ ಓಡಿಸಿದೆ. ಏನೂ ತೊಂದರೆ ಇರಲಿಲ್ಲ.

ಹೋಟೆಲಿನಲ್ಲಿ ಲ್ಯಾನ್ ಇಲ್ಲ ಅಂದರೆ ಅಡುಗೆಮನೆಯೇ ನಿಂತಂತೆ. ಒಳಗೆ ಎರಡು ಕೆಒಟಿ (ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ) ಪ್ರಿಂಟರ್, ಪಾರ್ಸೆಲ್ ಕೌಂಟರಿನಲ್ಲಿ ಒಂದು, ಮೂರೂ ಲ್ಯಾನ್ ಮೇಲೆಯೇ. ಮೇಲಾಗಿ ಬಿಲ್ಲಿಂಗ್ ಸಾಫ್ಟ್‌ವೇರಿನ ಲೈಸೆನ್ಸ್ ಈ ಬೋರ್ಡಿನ ಮ್ಯಾಕ್ ಅಡ್ರೆಸ್ಸಿಗೆ ಕಟ್ಟಿದ್ದು. ಗಲ್ಲಾದಲ್ಲಿ ಕೂರಿಸಿದ ಮೂರನೆಯ ದಿನ ಬೆಳಗ್ಗೆ ಆರಕ್ಕೆ ಗಲ್ಲಾದ ಹುಡುಗನ ಫೋನ್.

"ಅಣ್ಣ, ಕೆಒಟಿ ಹೋಗ್ತಾ ಇಲ್ಲ. ಒಳಗೆ ಭಟ್ರು ಕೂಗಾಡ್ತಿದ್ದಾರೆ."

ಹೋಗಿ ನೋಡಿದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಕೂಡ ಇಲ್ಲ. ಲ್ಯಾನ್ ಎನ್ನುವ ಸಾಲೇ ಇಲ್ಲ. ಹಿಡನ್ ಡಿವೈಸ್ ತೋರಿಸು ಅಂದರೆ ಮಾತ್ರ ಮಸುಕಾಗಿ ಕಾಣುತ್ತದೆ. ಬಯಾಸಿನಲ್ಲಿ (ಬೋರ್ಡಿನದೇ ಸೆಟ್ಟಿಂಗ್ ಪರದೆ) ಲ್ಯಾನ್ ಎನೇಬಲ್ ಇದೆ. ಹಿಂದೆ ಪೋರ್ಟಿನ ಎರಡೂ ದೀಪ ಕತ್ತಲು. ಲಿನಕ್ಸ್ ಪೆನ್‌ಡ್ರೈವ್ ಹಾಕಿ, ಬೋರ್ಡಿನ ಚಿಪ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟೆ. ಪಟ್ಟಿಯಲ್ಲಿ ಈಥರ್‌ನೆಟ್, ಅಂದರೆ ಲ್ಯಾನ್, ಇಲ್ಲವೇ ಇಲ್ಲ. ಅಲ್ಲಿಗೆ ಡ್ರೈವರಿನ ಮಾತು ಮುಗಿಯಿತು. ಎಲ್‌ಎಸ್‌ಪಿಸಿಐಯಲ್ಲಿ ಕಾಣದ ಚಿಪ್‌ಗೆ ಮೂರು ಮೂರು ಸಲ ಡ್ರೈವರ್ ಹಾಕುತ್ತಾ ಕೂರುವವರನ್ನು ನಾನು ನೋಡಿದ್ದೇನೆ. ಅದು ಸುಮ್ನೆ ಹೊತ್ತು ಕಳೆಯುವುದು.

ಅವತ್ತಿನ ಮಟ್ಟಿಗೆ ಯುಎಸ್‌ಬಿ ಲ್ಯಾನ್ ಹಾಕಿದೆ, 1,100 ರೂಪಾಯಿ. ಕೆಒಟಿ ಒಳಗೆ ಹೋಗತೊಡಗಿತು, ಆದರೆ ಮ್ಯಾಕ್ ಬದಲಾದ್ದರಿಂದ ಲೈಸೆನ್ಸ್ ಕೈಕೊಟ್ಟಿತು. ಹೊಸ ಮ್ಯಾಕ್‌ಗೆ ಮತ್ತೆ ಲೈಸೆನ್ಸ್ ಕೊಡಲು ಸಾಫ್ಟ್‌ವೇರಿನವರು ಮೂರೂವರೆ ಸಾವಿರ ಕೇಳಿದರು. ಆಮೇಲೆ ವಾಪಸ್ ಬೋರ್ಡಿನ ಲ್ಯಾನಿಗೆ ಬಂದರೆ ಇನ್ನೊಮ್ಮೆ ಅಷ್ಟೇ. ಬೋರ್ಡಿನ ಪಿಸಿಐಇ ಸ್ಲಾಟಿನಲ್ಲಿ ಕೂರುವ 650 ರೂಪಾಯಿಯ ಲ್ಯಾನ್ ಕಾರ್ಡ್ ತಂದಿಟ್ಟಿದ್ದೆ, ಅದಕ್ಕೂ ಇದೇ ಕಥೆ. ಎರಡು ದಿನ ಬಿಲ್ಲನ್ನು ಕೈಯಲ್ಲೇ ಬರೆದರು. ಡ್ರೈವರಿನಲ್ಲಿ ಹಳೆ ಮ್ಯಾಕ್ ಬರೆದುಬಿಡು ಎಂದು ಒಬ್ಬರು ಹೇಳಿದರು. ಬೇರೆಯವರ ಲೈಸೆನ್ಸಿನಲ್ಲಿ ನಾನು ಆ ಕೆಲಸ ಮಾಡುವುದಿಲ್ಲ.

ಗೊತ್ತಿರುವ ಮದ್ದೆಲ್ಲ ಮಾಡಿದೆ. ಪ್ಲಗ್ ತೆಗೆದು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯುವುದು, ಸೀಮಾಸ್ ಸೆಲ್ ತೆಗೆದು ಹತ್ತು ನಿಮಿಷ ಬಿಡುವುದು, ಬಯಾಸ್ ಅಪ್‌ಡೇಟ್, ಫಾಸ್ಟ್ ಸ್ಟಾರ್ಟಪ್ ಆಫ್, ಬಯಾಸಿನಲ್ಲಿ ಇಆರ್‌ಪಿ (ಆಫ್ ಇದ್ದಾಗ ಸ್ಟ್ಯಾಂಡ್‌ಬೈ ಕರೆಂಟ್ ತಗ್ಗಿಸುವ ಸೆಟ್ಟಿಂಗ್) ಆನ್. ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಕ್ಯಾಬಿನೆಟ್ಟನ್ನು ಲೋಕಲ್ ಟ್ರೈನಿನ ಲಗೇಜ್ ಡಬ್ಬಿಯಲ್ಲಿ ಹಾಕಿಕೊಂಡು ಡೊಂಬಿವಿಲಿಗೆ ತಂದೆ. ಮೇಜಿನ ಮೇಲಿಟ್ಟು ಆನ್ ಮಾಡಿದೆ. ಲ್ಯಾನ್ ಇದೆ! ದೀಪ ಮಿಣುಕುತ್ತಿದೆ, ಎರಡೂವರೆ ಗಿಗಾಬಿಟ್ ಲಿಂಕ್ ಸಮೇತ.

ಮಾರನೆಯ ದಿನ ಮಾಟುಂಗಾಕ್ಕೆ ಹೊತ್ತುಕೊಂಡು ಹೋದೆ. ಅವತ್ತು ಓಡಿತು. ಅದರ ಮಾರನೆಯ ಬೆಳಗ್ಗೆ ಮತ್ತೆ ಮಾಯ. ಹೀಗೆ ಎರಡು ಸಲ ಹೋಗಿ ಬಂದೆ. ಎರಡನೆಯ ಸಲ ಧಣಿಗಳು ಎಲ್ಲರ ಎದುರೇ ಹೇಳಿದರು, "ಎಂತ ಮಾರಾಯ, ನಿನ್ನ ಮನೇಲಿ ಸರಿ ಇರ್ತದೆ, ನನ್ನ ಹೋಟ್ಲಲ್ಲಿ ಹಾಳಾಗ್ತದೆ ಅಂದ್ರೆ ನಾನು ಹೇಗೆ ನಂಬುದು? ಬೋರ್ಡ್ ವಾಪಸ್ ಕೊಡು." ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ನನ್ನ ತಲೆಯಲ್ಲಿ ಕೂತದ್ದು ಅದೇ ಮಾತು. ಮನೆಯಲ್ಲಿ ಸರಿ, ಹೋಟೆಲಿನಲ್ಲಿ ಇಲ್ಲ. ಸತ್ತ ಚಿಪ್ ಹಾಗೆ ಜಾಗ ನೋಡಿ ಬದುಕುತ್ತದಾ?

ಸರ್ವಿಸ್ ಸೆಂಟರಿಗೂ ಹೋಗಿ ಕೇಳಿದೆ. ಮೂರು ವಾರ ಆಗುತ್ತದೆ, ಅಲ್ಲಿಯವರೆಗೆ ಬದಲಿ ಬೋರ್ಡ್ ಇಲ್ಲ ಎಂದರು. ಫಾರ್ಮ್ ತುಂಬಿ ಜೇಬಿನಲ್ಲಿಟ್ಟುಕೊಂಡು ಬಂದೆ.

ಮೊದಲು ಸಂಶಯ ಬಂದದ್ದು ಕರೆಂಟಿನ ಮೇಲೆ. ನ್ಯೂಟ್ರಲ್‌ನಿಂದ ಅರ್ತಿಂಗಿಗೆ ಎರಡು ವೋಲ್ಟ್ ಆಚೀಚೆ, ಅದು ಸರಿಯೇ. ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಬದಲಾಯಿಸಿದೆ, 2,900 ರೂಪಾಯಿ. ಉಪಯೋಗವಾಗಲಿಲ್ಲ. ಈ ನಡುವೆ ವೈಫೈ ಮೇಲಾದರೂ ಓಡಿಸೋಣ ಎಂದು ಗ್ರ್ಯಾಂಟ್ ರೋಡಿನಲ್ಲಿ ಇಳಿದು 600 ರೂಪಾಯಿಗೆ ಸೆಕೆಂಡ್‌ಹ್ಯಾಂಡ್ ಎಎಕ್ಸ್201 ಕಾರ್ಡ್ ತಂದೆ. ಬೋರ್ಡಿನಲ್ಲಿ ವೈಫೈ ಕಾರ್ಡಿಗೆಂದೇ ಇರುವ ಎಂ.2 ಕೀ-ಇ ಸ್ಲಾಟಿಗೆ ಸರಿಯಾಗಿ ಕೂತಿತು, ಆದರೆ ಕಾಣಲಿಲ್ಲ. 201 ಸಿಎನ್‌ವಿಐ ಕಾರ್ಡ್. ಅದರ ಅರ್ಧ ಕೆಲಸ ಇಂಟೆಲ್ ಚಿಪ್‌ಸೆಟ್ಟಿನ ಒಳಗೇ ಇರುತ್ತದೆ, ಎಎಂಡಿ ಬೋರ್ಡಿನಲ್ಲಿ ಅದು ನಡೆಯುವುದಿಲ್ಲ. ಬೇಕಿದ್ದದ್ದು ಎಎಕ್ಸ್200, ಅದು ಪೂರಾ ಪಿಸಿಐಇ. ನೋಡಲು ಎರಡೂ ಒಂದೇ ಥರ, ಸ್ಲಾಟೂ ಒಂದೇ. ಅವಸರದಲ್ಲಿದ್ದಾಗ ಕಾರ್ಡಿನ ಮೇಲಿನ ನಂಬರ್ ಎರಡು ಸಲ ಓದಿ.

ಒಂಬತ್ತನೆಯ ರಾತ್ರಿ. ಹೋಟೆಲ್ ಮುಚ್ಚಿ ಶಟರ್ ಅರ್ಧ ಇಳಿದಿತ್ತು. ಹುಡುಗರು ನೆಲ ತೊಳೆಯುತ್ತಿದ್ದರು. ನಾನು ಗಲ್ಲಾದ ಕೆಳಗೆ ಕೂತು ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದಿದ್ದೆ. ಪವರ್ ಕಾರ್ಡ್ ಕಿತ್ತು ಕೈಯಲ್ಲಿ ಹಿಡಿದಿದ್ದೆ. ಅಷ್ಟರಲ್ಲಿ ಯಾರೋ ಗಲ್ಲಾದ ಮೇಲಿನ ಟ್ಯೂಬ್‌ಲೈಟ್ ಆರಿಸಿದರು. ಕತ್ತಲಲ್ಲಿ ಬೋರ್ಡಿನ ಮೂಲೆಯಲ್ಲಿ ಒಂದು ಸಣ್ಣ ಎಲ್‌ಇಡಿ, ಊದುಬತ್ತಿಯ ಕೆಂಡದಷ್ಟು, ಮಂಕಾಗಿ ಉರಿಯುತ್ತಿತ್ತು. ಕೆಪಾಸಿಟರಿನಲ್ಲಿ ಉಳಿದದ್ದಿರಬೇಕು ಎಂದುಕೊಂಡೆ. ಒಂದು ನಿಮಿಷ ಕಾದೆ. ಐದು ನಿಮಿಷ ಕಾದೆ. ಆರಲಿಲ್ಲ.

ಮೀಟರ್ ತೆಗೆದೆ. 24 ಪಿನ್ ಕನೆಕ್ಟರಿನ ನೇರಳೆ ವೈರ್, 9ನೇ ಪಿನ್, ಅದೇ 5 ವೋಲ್ಟ್ ಸ್ಟ್ಯಾಂಡ್‌ಬೈ, ಕಂಪ್ಯೂಟರ್ ಆಫ್ ಇದ್ದಾಗಲೂ ಬೋರ್ಡಿಗೆ ಸಿಗುವ ಕರೆಂಟ್. ಎಸ್‌ಎಂಪಿಎಸ್ಸಿಗೆ ಕರೆಂಟೇ ಇಲ್ಲ, ಆದರೂ ಅಲ್ಲಿ 1.9 ವೋಲ್ಟ್ ನಿಂತಿದೆ. ಎಚ್‌ಡಿಎಂಐ ಕೇಬಲ್ ಕಿತ್ತೆ, 1.9. ಕೀಬೋರ್ಡ್ ಕಿತ್ತೆ, 1.9. ಲ್ಯಾನ್ ಕೇಬಲ್ ಕಿತ್ತೆ, 1.9. ಯುಎಸ್‌ಬಿ ಹಬ್ಬಿನ ವೈರ್ ಕಿತ್ತೆ. ಎಲ್‌ಇಡಿ ಆರಿತು. ಮೀಟರಿನಲ್ಲಿ 1.1, 0.4, 0.05. ಹಬ್ ಹೊರಗಿಟ್ಟು, ಮಿಕ್ಕ ಕೇಬಲ್ ವಾಪಸ್ ಚುಚ್ಚಿ, ಪ್ಲಗ್ ಹಾಕಿ ಆನ್ ಮಾಡಿದೆ. ಹಿಂದಿನ ಪೋರ್ಟಿನಲ್ಲಿ ಎರಡೂ ದೀಪ ಹೊತ್ತಿಕೊಂಡವು. ಎಷ್ಟು ಹೊತ್ತು ಆ ದೀಪಗಳನ್ನೇ ನೋಡುತ್ತಾ ಕೂತಿದ್ದೆನೋ.

ಆ ಹಬ್ ಒಂದು ಯುಎಸ್‌ಬಿ ಪೋರ್ಟನ್ನು 7 ಮಾಡುವಂಥದ್ದು, ತನ್ನದೇ 5 ವೋಲ್ಟ್ ಅಡಾಪ್ಟರ್ ಇರುವುದು. ಬಿಲ್ ಪ್ರಿಂಟರ್, ಗಿರಾಕಿ ಕಡೆಯ ಡಿಸ್‌ಪ್ಲೇ ಎಲ್ಲ ಅದಕ್ಕೇ. ಅಡಾಪ್ಟರ್ ಮಾತ್ರ ಸಿಸಿಟಿವಿ ಮತ್ತು ರೌಟರಿನ ಸ್ವಿಚ್‌ಬೋರ್ಡಿನಲ್ಲಿತ್ತು, ಅದನ್ನು ಯಾರೂ ರಾತ್ರಿ ಆರಿಸುವುದಿಲ್ಲ. ಅಗ್ಗದ ಹಬ್‌ಗಳಲ್ಲಿ ಅಡಾಪ್ಟರಿನ 5 ವೋಲ್ಟ್ ನೇರವಾಗಿ ಕಂಪ್ಯೂಟರ್ ಕಡೆಯ ವೈರಿಗೂ ಸೇರಿಕೊಂಡಿರುತ್ತದೆ, ತಡೆಯಲು ನಡುವೆ ಏನೂ ಇರುವುದಿಲ್ಲ. ರಾತ್ರಿ ಗಲ್ಲಾದ ಮೇನ್ ಆಫ್ ಮಾಡಿದ ಮೇಲೂ ಹಬ್ ಹಿಂದಿನಿಂದ ಬೋರ್ಡಿಗೆ ಕರೆಂಟ್ ಊಡುತ್ತಿತ್ತು. ಲ್ಯಾನ್ ಚಿಪ್ ಸ್ಟ್ಯಾಂಡ್‌ಬೈ ಮೇಲೆ ಬದುಕುವ ಚಿಪ್, ಆಫ್ ಇರುವ ಕಂಪ್ಯೂಟರನ್ನು ನೆಟ್‌ವರ್ಕಿನಿಂದ ಎಬ್ಬಿಸುವ ವೇಕ್ ಆನ್ ಲ್ಯಾನ್‌ಗಾಗಿ. ಸೊನ್ನೆಗೆ ಇಳಿದು ಮತ್ತೆ 5ಕ್ಕೆ ಏರಿದರೆ ಅದು ಸರಿಯಾಗಿ ರೀಸೆಟ್ ಆಗುತ್ತದೆ. ಎರಡು ವೋಲ್ಟಿನಲ್ಲೇ ನಿಂತು ಅಲ್ಲಿಂದ ಏರಿದರೆ ಅರೆನಿದ್ದೆಯಲ್ಲೇ ಉಳಿಯುತ್ತದೆ, ಕಂಪ್ಯೂಟರ್ ಪಿಸಿಐಇ ದಾರಿಯಲ್ಲಿ ಕರೆದರೂ ಓಗೊಡುವುದಿಲ್ಲ. 30 ಸೆಕೆಂಡ್ ಬಟನ್ ಒತ್ತಿದ್ದು ಹೋಟೆಲಿನಲ್ಲಿ ಕೆಲಸ ಮಾಡದಿದ್ದದ್ದೂ ಅದಕ್ಕೇ. ನಾನು ಖಾಲಿ ಮಾಡಿದಷ್ಟೂ ಹಬ್ ತುಂಬುತ್ತಿತ್ತು. ಡೊಂಬಿವಿಲಿಯ ಮೇಜಿನ ಮೇಲೆ ಹಬ್ ಇರಲಿಲ್ಲ, ಅಷ್ಟೇ.

ಧಣಿಗಳು ಬಿಡಲಿಲ್ಲ. "ಹಳೇ ಕಂಪ್ಯೂಟರಿಗೂ ಇದೇ ಹಬ್ ಇತ್ತಲ್ಲ?" ಒಳ್ಳೆಯ ಪ್ರಶ್ನೆ. ಅಟ್ಟದಿಂದ ಹಳೆ ಡಬ್ಬಿ ಇಳಿಸಿ ಅದೇ ಹಬ್ ಚುಚ್ಚಿ ನೇರಳೆ ವೈರ್ ಅಳೆದೆ. ಏನೂ ಇಲ್ಲ. ಆ ಬೋರ್ಡಿನಲ್ಲಿ ಯುಎಸ್‌ಬಿ ಪವರ್ ಎಲ್ಲಿಂದ ಬರಬೇಕು ಎಂದು ಆರಿಸುವ ಜಂಪರ್ ಇತ್ತು, ಅದು ಬರೀ 5 ವೋಲ್ಟಿನ ಕಡೆಗಿತ್ತು, ಸ್ಟ್ಯಾಂಡ್‌ಬೈ ಕಡೆಗಲ್ಲ. ಹೊಸ ಬೋರ್ಡಿನಲ್ಲಿ ಅಂಥ ಜಂಪರೇ ಇಲ್ಲ.

ಸುಮ್ನೆ ಒಂದು ಸಲ ಸರಿಯಾಯಿತು ಎಂದು ನಾನು ಮನೆಗೆ ಹೋಗುವವನಲ್ಲ. ಮುಂದಿನ ಎರಡು ದಿನ ಬೇಕೆಂದೇ ಹಬ್ ಹಾಕಿ ಆರು ಸಲ ಮೇನ್ ಆಫ್-ಆನ್ ಮಾಡಿದೆ, ಐದು ಸಲ ಲ್ಯಾನ್ ಹೋಯಿತು. ಹಬ್ ಇಲ್ಲದೆ ಆರಕ್ಕೆ ಆರೂ ಸರಿ. ಆಮೇಲೆ ಹಬ್ಬಿನ ಪ್ಲಗ್ಗಿನಲ್ಲಿ 5 ವೋಲ್ಟಿನ ಪಿನ್ ಮೇಲೆ ಮಾತ್ರ ಕರೆಂಟ್ ಹರಿಯಲು ಬಿಡದ ಕ್ಯಾಪ್ಟಾನ್ ಟೇಪಿನ ಸಣ್ಣ ತುಂಡು ಅಂಟಿಸಿದೆ. ಡೇಟಾ ಪಿನ್ ಎರಡು, ಗ್ರೌಂಡ್ ಒಂದು, ಮೂರೂ ತೆರೆದೇ ಇದ್ದವು. ಹಬ್ಬೂ ಓಡಿತು, ಲ್ಯಾನೂ ಉಳಿಯಿತು. ಆದರೆ ಗಲ್ಲಾದಲ್ಲಿ ಟೇಪ್ ನಂಬಿಕೊಂಡಿರಲು ಆಗುವುದಿಲ್ಲ, ಯಾರಾದರೂ ಪ್ಲಗ್ ಕಿತ್ತು ಹಾಕಿದರೆ ಮುಗಿಯಿತು. 1,800 ಕೊಟ್ಟು ಒಳ್ಳೆಯ ಹಬ್ ತಂದೆ. ಅಂಗಡಿಯಲ್ಲೇ ಅಡಾಪ್ಟರ್ ಹಾಕಿಸಿ, ಕಂಪ್ಯೂಟರಿಗೆ ಹೋಗುವ ಪ್ಲಗ್ಗಿನ ಎರಡು ತುದಿಯ ಪಿನ್‌ಗಳಿಗೆ ಮೀಟರ್ ಇಟ್ಟು ನೋಡಿದೆ. ಅಲ್ಲಿ 5 ವೋಲ್ಟ್ ಬಂದರೆ ಆ ಹಬ್ ಬೇಡ. ನಾಲ್ಕು ಹಬ್ ನೋಡಿದ್ದರಲ್ಲಿ ಮೂರು ಬೇಡದವೇ.

ಹಬ್ ಇಲ್ಲದೆಯೂ ಹೀಗೆ ಲ್ಯಾನ್ ಮಾಯವಾಗುವ ಬೋರ್ಡ್‌ಗಳಿವೆ. ಅವಕ್ಕೆ ಬೇರೆ ಮದ್ದು ಬೇಕು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ಒಟ್ಟು ನನ್ನ ಕೈಯಿಂದ ಏಳು ಸಾವಿರದ ಆಸುಪಾಸು ಹೋಯಿತು. ಧಣಿಗಳು ಹಬ್ಬಿನ ದುಡ್ಡೂ, ಮೇಲೆ ಮೂರು ಸಾವಿರವೂ ಕೊಟ್ಟರು. ಎಸ್‌ಎಂಪಿಎಸ್ ಮುಲುಂಡಿನ ಒಬ್ಬ ಗಿರಾಕಿಗೆ ಹೋಯಿತು. ಎಎಕ್ಸ್201 ಇನ್ನೂ ಡ್ರಾಯರಿನಲ್ಲಿದೆ, ಇಂಟೆಲ್ ಬೋರ್ಡ್ ಸಿಕ್ಕಿದಾಗ ಅದಕ್ಕೂ ಒಂದು ದಾರಿಯಾಗುತ್ತದೆ.

ಹೋದ ವಾರ ಗೆಳೆಯ ಫೋನ್ ಮಾಡಿದ್ದ, ಚಿಪ್ ಹೋಗಿದೆ ಎಂದು ಮೊದಲು ಹೇಳಿದವನೇ. ವಾಶಿಯಲ್ಲಿ ಒಂದು ಆಫೀಸು, ಹೊಸ ಬೋರ್ಡ್, ಲ್ಯಾನ್ ಕಾಣುತ್ತಿಲ್ಲ. ಹಬ್ ಇಲ್ಲ ಮಾರಾಯ, ನೋಡಿದೆ ಎಂದ. ಪ್ಲಗ್ ಕಿತ್ತು ನೇರಳೆ ವೈರಿಗೆ ಮೀಟರ್ ಇಡು ಎಂದೆ. ಫೋನ್ ಹಾಗೇ ಇಟ್ಟುಕೊಂಡು ಅಳೆದ.

"2.2 ತೋರಿಸ್ತಾ ಇದೆ."

"ಹಿಂದಿನ ವೈರ್‌ಗಳನ್ನು ಒಂದೊಂದೇ ಕೀಳು. ಎಲ್‌ಇಡಿ ಮೇಲೆ ಕಣ್ಣಿಡು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನ ದನಿ ಬಂತು. "ಮಾನಿಟರಿನ ಯುಎಸ್‌ಬಿ ವೈರ್, ಮಾರಾಯ. ಕಿತ್ತ ತಕ್ಷಣ ಆರಿತು."