ಕಾಡು, ನೀರು, ವನ್ಯಜೀವಿ ಓದಬೇಕೇ? ಕಾಲೇಜನ್ನು ಹಿಂದಿನಿಂದ ಹುಡುಕಿ

‘ಅಗ್ರಿ ಸಿಗದಿದ್ದರೆ ಫಾರೆಸ್ಟ್ರಿ ಹಾಕಿಬಿಡಿ.’ ಸಿಇಟಿ ಸಮಯದಲ್ಲಿ ತುಮಕೂರು, ಕೋಲಾರದ ಸೈಬರ್ ಸೆಂಟರ್‌ಗಳಲ್ಲಿ ಕೇಳಿಬರುವ ಸಲಹೆ ಇದು. ಹೀಗೆ ಹಾಕಿಬಿಟ್ಟವರಿಗೂ, ‘ಎನ್ವಿರಾನ್‌ಮೆಂಟ್’ ಎಂಬ ಪದ ನೋಡಿಯೇ ಯಾವುದೋ ಖಾಸಗಿ ಕೋರ್ಸಿಗೆ ದುಡ್ಡು ಕಟ್ಟಿದವರಿಗೂ ತಪ್ಪು ತಿಳಿಯುವುದು ಪದವಿ ಮುಗಿಸಿ ನೌಕರಿಗೆ ಅರ್ಜಿ ಹಾಕುವ ದಿನ. ಆದ್ದರಿಂದ ಹುಡುಕಾಟ ಆ ಅರ್ಜಿಯಿಂದಲೇ ಶುರುವಾಗಲಿ.

ಮೊದಲು ನೌಕರಿಯ ಅಧಿಸೂಚನೆ

ಕೇಂದ್ರ ಲೋಕಸೇವಾ ಆಯೋಗದ ಭಾರತೀಯ ಅರಣ್ಯ ಸೇವೆ (ಐಎಫ್‌ಎಸ್) ಪರೀಕ್ಷೆಯ ಹಳೆಯ ಅಧಿಸೂಚನೆಯೊಂದನ್ನು ಇಳಿಸಿಕೊಂಡು ವಿದ್ಯಾರ್ಹತೆಯ ಭಾಗ ಓದಿ. ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ, ಇವುಗಳಲ್ಲಿ ಒಂದಾದರೂ ಪದವಿಯ ವಿಷಯವಾಗಿರಬೇಕು. ಇಲ್ಲವೇ ಕೃಷಿ, ಅರಣ್ಯ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಪರಿಸರ ವಿಜ್ಞಾನದ ಹೆಸರು ಪಟ್ಟಿಯಲ್ಲಿಲ್ಲ! ಪರಿಸರ ವಿಜ್ಞಾನದ ಜೊತೆ ಸಸ್ಯಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಓದಿದವರಿಗೆ ತೊಂದರೆಯಿಲ್ಲ. ಅದೊಂದನ್ನೇ ನೆಚ್ಚಿಕೊಂಡವರಿಗೆ ಬಾಗಿಲು ಮುಚ್ಚಿದಂತೆ.

ರಾಜ್ಯದ ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಒ) ಹುದ್ದೆಗಳಲ್ಲಿ ಬಿಎಸ್ಸಿ ಅರಣ್ಯ ಓದಿದವರಿಗೆ ಒಂದು ಪಾಲು ಮೀಸಲಿರುತ್ತದೆ. ಆ ಪಾಲು ಎಷ್ಟೆಂಬುದು ನಿಯಮ ತಿದ್ದುಪಡಿಯೊಂದಿಗೆ ಬದಲಾಗುತ್ತ ಬಂದಿದೆ. ‘ಫಾರೆಸ್ಟ್ರಿ ಓದಿದರೆ ಆರ್‌ಎಫ್‌ಒ ಗ್ಯಾರಂಟಿ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇನ್ನೊಂದು ಮಾತು: ಐಎಫ್‌ಎಸ್‌ಗೆ ಗಂಡಸರು 4 ಗಂಟೆಯಲ್ಲಿ 25 ಕಿ.ಮೀ., ಹೆಂಗಸರು 14 ಕಿ.ಮೀ. ನಡೆಯಬೇಕು. ಕನ್ನಡಕ, ಎತ್ತರದ ನಿಯಮಗಳನ್ನೂ ಈಗಲೇ ನೋಡಿಕೊಳ್ಳಿ.

ನಾಲ್ಕು ವರ್ಷದ ದಾರಿ

ಬಿಎಸ್ಸಿ (ಆನರ್ಸ್) ಅರಣ್ಯಕ್ಕೆ ರಾಜ್ಯದಲ್ಲಿ ಎರಡು ಹೆಸರು ಮುಖ್ಯ: ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿರಸಿ ಅರಣ್ಯ ಕಾಲೇಜು, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ ಕೊಡಗಿನ ಪೊನ್ನಂಪೇಟೆ ಕಾಲೇಜು. ಎರಡೂ ನಮ್ಮ ಬಯಲುಸೀಮೆಯಿಂದ ದೂರ, ಎರಡೂ ಮಳೆಯ ಊರು. ಮನೆ ಹತ್ತಿರವಿದೆಯೆಂದು ಕೋಲಾರದ ತೋಟಗಾರಿಕೆ ಕಾಲೇಜನ್ನೋ ಚಿಂತಾಮಣಿಯ ರೇಷ್ಮೆ ಕಾಲೇಜನ್ನೋ ಅರಣ್ಯಕ್ಕೆ ಬದಲಿಯೆಂದು ಬರೆದುಕೊಳ್ಳಬೇಡಿ. ಒಳ್ಳೆಯ ಕಾಲೇಜುಗಳೇ, ಆದರೆ ಆ ಪದವಿ ಬೇರೆ, ಅದರ ಹುದ್ದೆಗಳೂ ಬೇರೆ.

ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಜೊತೆ ಗಣಿತದ ಪತ್ರಿಕೆಯನ್ನೂ ಬಿಡದೆ ಬರೆಯಿರಿ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ಕೊಡುವಾಗ, ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಮೇಲೆ ಬರೆದ ಆಯ್ಕೆ ಸಿಕ್ಕಿತೆಂದರೆ ಕೆಳಗಿನವೆಲ್ಲ ತಾವಾಗಿಯೇ ರದ್ದಾಗುತ್ತವೆ. ನಿಜಕ್ಕೂ ಅರಣ್ಯವೇ ಬೇಕಿದ್ದರೆ ಮೊದಲ ಎರಡು ಸಾಲು ಶಿರಸಿ, ಪೊನ್ನಂಪೇಟೆ, ಆಮೇಲೆ ಉಳಿದದ್ದು. ರೈತರ ಮಕ್ಕಳು ಕೃಷಿಕರ ಕೋಟಾ ಮರೆಯಬಾರದು. ಪಹಣಿ, ತಹಶೀಲ್ದಾರರ ಪ್ರಮಾಣಪತ್ರಗಳನ್ನು ಅರ್ಜಿಯ ಕೊನೆಯ ವಾರಕ್ಕೆ ಇಟ್ಟುಕೊಂಡರೆ ನಾಡಕಚೇರಿಯ ಸಾಲಿನಲ್ಲೇ ಗಡುವು ಮುಗಿಯುತ್ತದೆ. ಈ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು: ಬೀಜ, ಗೊಬ್ಬರ, ಕಳೆ, ಸಲಕರಣೆ ಗುರುತಿಸಬೇಕು. ರಾಗಿ, ಹುರುಳಿ, ಹಿಪ್ಪುನೇರಳೆ ನಮ್ಮ ಮಕ್ಕಳಿಗೆ ನೀರು ಕುಡಿದಷ್ಟು ಸಲೀಸು. ಏಲಕ್ಕಿ, ಕಾಫಿ ಬೀಜವನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿರಲಿ.

ಹೊರರಾಜ್ಯದ ಅಥವಾ ಖಾಸಗಿ ಕಾಲೇಜಾದರೆ ಒಂದೇ ಪ್ರಶ್ನೆ: ಈ ಕೋರ್ಸಿಗೆ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಮಾನ್ಯತೆ ಇದೆಯೇ, ಯಾವ ವರ್ಷದವರೆಗೆ? ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಬೇರೆ, ಇದು ಬೇರೆ. ಪತ್ರವನ್ನೇ ತೋರಿಸಲು ಹೇಳಿ.

ಮೂರು ವರ್ಷದ ದಾರಿ

ರ‍್ಯಾಂಕ್ ಸಾಲದವರು, ಊರು ಬಿಡಲಾಗದವರು ಜಿಲ್ಲೆಯ ಪದವಿ ಕಾಲೇಜಿನಲ್ಲೇ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರದ ಕಾಂಬಿನೇಷನ್ ಹಿಡಿಯಬಹುದು. ಇದು ಕೆಳಗಿನ ದಾರಿಯೇನಲ್ಲ. ಮುಂದೆ ತುಮಕೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ, ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆ, ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಎಂಎಸ್ಸಿ ಅರಣ್ಯ ಇವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವನ್ಯಜೀವಿ ಎಂಎಸ್ಸಿಗೆ ಪ್ರತಿ ವರ್ಷ ಪ್ರವೇಶ ಇರುವುದಿಲ್ಲ, ಲೆಕ್ಕ ಹಾಕಿಕೊಳ್ಳಿ.

ಈ ದಾರಿ ಹಿಡಿದವರು ಕಾಲೇಜನ್ನು ಅಳೆಯಬೇಕಾದ್ದು ಊರಾಚೆಯ ನೆಲದಿಂದ. ಮಧುಗಿರಿ ತಾಲ್ಲೂಕಿನ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶ, ದೇವರಾಯನದುರ್ಗದ ಕಾಡು, 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಹರಿಯುತ್ತಿರುವ ಕೋಲಾರದ ಕೆರೆಗಳು, ಪಾವಗಡ–ಬಾಗೇಪಲ್ಲಿಯ ಫ್ಲೋರೈಡ್ ಬೋರ್‌ವೆಲ್‌ಗಳು ಇಲ್ಲೇ ಇವೆ. ಹಿಂದಿನ ವರ್ಷದ ಪ್ರಾಜೆಕ್ಟ್ ವರದಿಗಳನ್ನು ಕೇಳಿ ತೆಗೆಸಿ. ಪಕ್ಕದ ಕೆರೆಯ ಹೆಸರೇ ಅವುಗಳಲ್ಲಿ ಇಲ್ಲದಿದ್ದರೆ ಅಲ್ಲಿನ ಪಾಠ ಕರಿಹಲಗೆಯಲ್ಲೇ ಮುಗಿಯುತ್ತಿದೆ.

ಹೋಗಿ ನೋಡುವ ದಿನ

ಪ್ರಾಂಶುಪಾಲರ ಕೊಠಡಿಗೆ ಆಮೇಲೆ ಹೋಗಿ. ಮೊದಲು ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಹಿಡಿದು ಮರದ ಸುತ್ತಳತೆ ಎಲ್ಲಿ ಅಳೆಯುತ್ತೀರಿ ಎಂದು ಕೇಳಿ. ‘ನೆಲದಿಂದ 1.37 ಮೀಟರ್ ಎತ್ತರದಲ್ಲಿ. ಇಳಿಜಾರಾದರೆ ಮೇಲಿನ ಬದಿಯಿಂದ’ ಎಂದು ತಡವರಿಸದೆ ಹೇಳಿದರೆ ಅವರು ಟೇಪು ಹಿಡಿದಿದ್ದಾರೆ. ಗಿಡಗಣತಿಯ ಚೌಕ ಎಷ್ಟು ದೊಡ್ಡದು ಎಂಬುದು ಎರಡನೇ ಪ್ರಶ್ನೆ: ಮರಗಳಿಗೆ ಸಾಮಾನ್ಯವಾಗಿ 10×10 ಮೀಟರ್, ಹುಲ್ಲು–ಸಸಿಗಳಿಗೆ 1×1 ಮೀಟರ್. ಮೂರನೆಯದು, ಕಳೆದ ಸೆಮಿಸ್ಟರ್‌ನಲ್ಲಿ ಎಷ್ಟು ದಿನ ಹೊರಗೆ ಹೋಗಿದ್ದಿರಿ? ಪ್ರವಾಸದ ಬಸ್ಸು ನಿಂತಲ್ಲೆಲ್ಲ ಫೋಟೊ ತೆಗೆದದ್ದು ಲೆಕ್ಕಕ್ಕಿಲ್ಲ.

ಒಣಸಸ್ಯಗಳ ಸಂಗ್ರಹದ ಹಾಳೆಗಳನ್ನು ತೆರೆಸಿ, ಚೀಟಿಯ ಮೇಲಿನ ತಾರೀಖು ನೋಡಿ. ಎಲ್ಲವೂ ಇಪ್ಪತ್ತು ವರ್ಷ ಹಳೆಯವಾದರೆ ಸಂಗ್ರಹಿಸುವವರು ನಿವೃತ್ತರಾಗಿರಬೇಕು. ನರ್ಸರಿಯಲ್ಲಿ ಪಾಲಿಥೀನ್ ಚೀಲ ತುಂಬಿದವರು ಕೂಲಿಯವರೋ ವಿದ್ಯಾರ್ಥಿಗಳೋ ಕೇಳಿ. ಕೊನೆಯ ವರ್ಷದ ಅರಣ್ಯ ಕಾರ್ಯಾನುಭವಕ್ಕೆ ಯಾವ ವಲಯಕ್ಕೆ ಕಳಿಸುತ್ತಾರೆ, ಅಲ್ಲಿ ಹುಡುಗಿಯರಿಗೆ ವಸತಿ ಹೇಗೆ, ಇದನ್ನು ಹೆತ್ತವರೇ ಕೇಳುವುದು ಒಳ್ಳೆಯದು.

ಶಿರಸಿಗೋ ಪೊನ್ನಂಪೇಟೆಗೋ ಜುಲೈನಲ್ಲೇ ಹೋಗಿ. ಬಟ್ಟೆ ಒಣಗದ, ಇಂಬಳ ಹತ್ತುವ ದಿನಗಳಲ್ಲಿ ಹಾಸ್ಟೆಲ್ ನೋಡಿದ ಮೇಲೂ ಮಗ ಅಥವಾ ಮಗಳು ಇಲ್ಲೇ ಓದುತ್ತೇನೆ ಎಂದರೆ ಸೀಟು ಖಾತ್ರಿ ಮಾಡಿಕೊಳ್ಳಿ. ಭಾನುವಾರ, ಪರೀಕ್ಷೆಯ ದಿನಗಳು ಬೇಡ; ಸಂಗ್ರಹದ ಬೀಗದ ಕೈ ಇರುವವರು ಅಂದು ಸಿಗುವುದಿಲ್ಲ.