ಮಸಾಜ್ ಮಾಡುವವರ ಕೈನೋವಿಗೆ ತೈ ಚಿ ನಡಿಗೆ

ಮೊದಲು ಕೈಕೊಟ್ಟದ್ದು ನನ್ನ ಬಲಗೈ ಹೆಬ್ಬೆರಳು. ಮಸಾಜ್ ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ, ಕಕ್ಕಡ ತಿಂಗಳ (ಕೊಡಗಿನ ಆಟಿ) ಮಳೆ. ಬೆಳಿಗ್ಗೆ ನಲ್ಲಿ ತಿರುಗಿಸಲು ಹೋದರೆ ಹೆಬ್ಬೆರಳ ಬುಡದಿಂದ ಮುಂಗೈವರೆಗೆ ಚಳುಕು. ಆಗ ನಾನಿದ್ದ ರೆಸಾರ್ಟಿನಲ್ಲಿ ರಜೆ ದಿನಗಳಲ್ಲಿ ಆರೇಳು ಜನರಿಗೆ ಎಣ್ಣೆ ನೀವಬೇಕಿತ್ತು. ಟೇಬಲ್ ನನಗೆ ತುಂಬಾ ಎತ್ತರ. ಕೇಳಿದರೆ, ಅದು ಇರುವುದೇ ಹಾಗೆ ಅಂದರು.

ಜೊತೆಗಿದ್ದ, ನಾನು ಚೇಚಿ (ಮಲಯಾಳದಲ್ಲಿ ಅಕ್ಕ) ಎನ್ನುತ್ತಿದ್ದ ಕೇರಳದ ಕಣ್ಣೂರಿನವರು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದರು. ಅವರ ಕೈಗೆ ಏನೂ ಆಗಿರಲಿಲ್ಲ. "ನೀನು ಕೈಯಲ್ಲಿ ಒತ್ತುತ್ತೀಯ ಮಗಳೇ, ಅದಕ್ಕೇ ನೋವು. ಕಾಲಲ್ಲಿ ಒತ್ತು" ಅಂದರು. ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾದದ್ದು ಎರಡು ವರ್ಷ ಬಿಟ್ಟು, ತೈ ಚಿ ಕಲಿಯಲು ಶುರು ಮಾಡಿದ ಮೇಲೆ.

ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಕಡೆ ಸ್ಪಾಗಳಲ್ಲಿ, ಆಯುರ್ವೇದ ಕೇಂದ್ರಗಳಲ್ಲಿ ದುಡಿಯುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಅತ್ತೆಯ ಕಾಲು, ಅಪ್ಪನ ಬೆನ್ನು ಒತ್ತುವವರಿಗೂ ಇದು ಬೇಕಾಗುತ್ತದೆ.

ತೈ ಚಿಯಿಂದ ನಮಗೆ ಬೇಕಾದದ್ದು

ತೈ ಚಿ ಚೀನಾದ ಕಾದಾಟದ ಕಲೆ. ಹೆನಾನ್ ಪ್ರಾಂತ್ಯದಲ್ಲಿ ಚೆನ್ ಮನೆತನದವರ ಒಂದು ಹಳ್ಳಿಯಲ್ಲಿ ಬೆಳೆದು, ಬೇರೆ ಬೇರೆ ಶೈಲಿಗಳಾಗಿ ಹರಡಿತು. 1956ರಲ್ಲಿ ಚೀನಾ ಸರ್ಕಾರ ಎಲ್ಲರೂ ಕಲಿಯಲಿ ಎಂದು 24 ಚಲನೆಗಳ ಚಿಕ್ಕ ಪಾಠ ಮಾಡಿಸಿತು. 2020ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ತೈ ಚಿಯನ್ನು ಸೇರಿಸಿತು. ಪೂರ್ತಿ ಕಲಿತರೆ ಸಂತೋಷ. ಆದರೆ ನಮ್ಮ ಕೆಲಸಕ್ಕೆ ಆ 24ರ ಅಡಿಯಲ್ಲಿರುವ ಒಂದು ಮಾತು ಸಾಕು: ಶಕ್ತಿ ಪಾದದಲ್ಲಿ ಹುಟ್ಟುತ್ತದೆ, ಕಾಲಿನಲ್ಲಿ ಏರುತ್ತದೆ, ಸೊಂಟ ಅದನ್ನು ತಿರುಗಿಸುತ್ತದೆ, ಬೆರಳಲ್ಲಿ ಅದು ಹೊರಗೆ ಬರುತ್ತದೆ.

ಇದು ನಮಗೆ ಹೊಸದೇನಲ್ಲ. ಮರದ ಶ್ಯಾವಿಗೆ ಒರಳಿನಲ್ಲಿ ನೂಪುಟ್ಟು ಒತ್ತುವವರನ್ನು ನೆನಪಿಸಿಕೊಳ್ಳಿ. ತೋಳಿನ ಬಲದಲ್ಲಿ ಒತ್ತಿದರೆ ನಾಲ್ಕನೇ ತಟ್ಟೆಗೆ ಕೈ ಸೋಲುತ್ತದೆ. ಹಾಗಾಗಿ ಹಿಡಿ ಹಿಡಿದು ಮೈಭಾರವನ್ನೇ ಬಿಡುತ್ತಾರೆ. ಚೇಚಿ ಹೇಳಿದ್ದೂ ಅದನ್ನೇ. ಅವರ ಕಡೆ ಹಗ್ಗ ಹಿಡಿದು ಪಾದದಿಂದಲೇ ಮೈ ನೀವುವ, ಕಳರಿ ಎಂಬ ಕೇರಳದ ಕಾದಾಟದ ಕಲೆಯ ಪದ್ಧತಿಯೇ ಇದೆ.

ಮೊದಲು ಟೇಬಲ್ ಸರಿ ಮಾಡಿಕೊಳ್ಳಿ

ಟೇಬಲ್ ಪಕ್ಕ ನೇರ ನಿಂತು ಕೈ ಇಳಿಬಿಡಿ. ಮುಷ್ಟಿ ಕಟ್ಟಿದರೆ ಬೆರಳ ಗೆಣ್ಣು ಟೇಬಲ್ಲಿಗೆ ತಾಗಬೇಕು. ಗಟ್ಟಿಯಾಗಿ ಒತ್ತುವ ಮಸಾಜ್ ಆದರೆ ಇನ್ನೂ ಒಂದೆರಡು ಇಂಚು ಕೆಳಗಿರಲಿ. ಮಲಗಿದವರ ಮೈದಪ್ಪವೂ ಸೇರುತ್ತದೆ ಅಲ್ವಾ, ಅದನ್ನು ಮರೆಯಬಾರದು. ಟೇಬಲ್ ಎತ್ತರವಾದಷ್ಟೂ ಭುಜ ಮೇಲೇಳುತ್ತದೆ, ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ, ಮೈಭಾರ ಬೀಳಬೇಕಾದ ಕಡೆ ಬೀಳುವುದೇ ಇಲ್ಲ.

ಅಭ್ಯಂಗಕ್ಕೆ ಮಲಗಿಸುವ ಮರದ ದ್ರೋಣಿಯ ಎತ್ತರ ಬದಲಿಸಲು ಆಗುವುದಿಲ್ಲ. ಹಾಗಿದ್ದರೆ ಕಾಲಡಿಗೆ ಅಲ್ಲಾಡದ ಅಗಲ ಹಲಗೆ ಹಾಕಿಸಿಕೊಳ್ಳಿ. ಎರಡೂ ಕಾಲು ಹಿಂದೆ ಮುಂದೆ ಇಡುವಷ್ಟು ಉದ್ದ ಇರಲಿ. ಚಿಕ್ಕ ಸ್ಟೂಲ್ ಬೇಡವೇ ಬೇಡ. ಧಣಿಗಳು ಬೇಡವೆಂದರೆ ಬಿಡದೆ ಕೇಳಿ. ಒಂದು ಹಲಗೆಯ ಬೆಲೆ ಎಷ್ಟು, ನಿಮ್ಮ ಕೈಯ ಬೆಲೆ ಎಷ್ಟು?

ನೆಲಕ್ಕೆ ಚೆಲ್ಲಿದ ಎಣ್ಣೆಯನ್ನು ಪ್ರತಿ ಸಲ ಒರೆಸಿ. ಪಾದ ಜಾರುವ ಕಡೆ ಮುಂದೆ ಹೇಳುವ ಯಾವುದೂ ನಡೆಯದು.

ಗದ್ದೆಯಲ್ಲಿ ನಡೆದ ಹಾಗೆ ಹೆಜ್ಜೆ

ಇಡೀ ಕಲಿಕೆಯಲ್ಲಿ ಅತಿ ಮುಖ್ಯವಾದದ್ದು ಇದು. ಇದಕ್ಕೆ ಒಂದು ವಾರ ಕೊಡಿ.

ನಾಟಿಯ ಹೊತ್ತಿಗೆ ಕೆಸರು ಗದ್ದೆಗೆ ಇಳಿದವರಿಗೆ ಗೊತ್ತು. ಮುಂದಿನ ಕಾಲಿಗೆ ಒಮ್ಮೆಲೇ ಭಾರ ಹಾಕಿದರೆ ಮಂಡಿಯವರೆಗೆ ಹೂತುಹೋಗುತ್ತದೆ. ಹಿಂದಿನ ಕಾಲ ಮೇಲೆ ನಿಂತುಕೊಂಡೇ ಮುಂದಿನ ಪಾದವನ್ನು ಹಗುರಾಗಿ ಇಡುತ್ತೇವೆ. ತಳ ಸಿಕ್ಕಿದ ಮೇಲೆ ನಿಧಾನ ಭಾರ ದಾಟಿಸುತ್ತೇವೆ. ಆಮೇಲೆ ಹಿಂದಿನ ಕಾಲು ತಾನಾಗಿ ಖಾಲಿಯಾಗುತ್ತದೆ. ತೈ ಚಿಯಲ್ಲೂ ಕಾಲುಗಳನ್ನು ತುಂಬಿದ ಕಾಲು, ಖಾಲಿ ಕಾಲು ಎಂದೇ ಬೇರೆ ಮಾಡಿ ನೋಡುತ್ತಾರೆ.

ಮಾಡಿ ನೋಡಿ. ಎಡಗಾಲು ಮುಂದೆ, ಬಲಗಾಲು ಒಂದು ದೊಡ್ಡ ಹೆಜ್ಜೆ ಹಿಂದೆ. ಎರಡೂ ಪಾದ ಒಂದೇ ಗೆರೆಯಲ್ಲಿ ಬೇಡ, ನಡುವೆ ಸೊಂಟದಷ್ಟು ಅಗಲ ಬಿಡಿ. ಮುಂದಿನ ಪಾದ ನೇರ. ಹಿಂದಿನ ಪಾದ ಸ್ವಲ್ಪ ಹೊರಕ್ಕೆ ತಿರುಗಿರಲಿ, 45 ಡಿಗ್ರಿ ಮೀರದಂತೆ. ಈಗ ಹಿಂದಿನ ಪಾದದಿಂದ ನೆಲವನ್ನು ಒತ್ತಿ, ಸೊಂಟವನ್ನು ಮುಂದಕ್ಕೆ ಕಳಿಸಿ. ಮುಂದಿನ ಮಂಡಿ ಬಾಗಲಿ. ಆದರೆ ಕಾಲ್ಬೆರಳನ್ನು ದಾಟಿ ಹೋಗದಿರಲಿ, ಒಳಕ್ಕೂ ವಾಲದಿರಲಿ. ಮತ್ತೆ ಹಿಂದಕ್ಕೆ. ಬೆನ್ನು ಬಾಗುವುದು ಬೇಡ, ತಲೆ ಮೇಲೆ ಕೆಳಗೆ ಆಗುವುದು ಬೇಡ. ತಲೆಯ ಮೇಲೆ ನೀರು ತುಂಬಿದ ಬಿಂದಿಗೆ ಇದೆ ಅಂದುಕೊಳ್ಳಿ.

ಕೈ ಸುಮ್ನೆ ತೂಗಾಡಲಿ. ಮೊದಲ ಮೂರು ದಿನ ಕೈಗೆ ಕೆಲಸವೇ ಇಲ್ಲ.

ತೂಕದ ಯಂತ್ರದ ಮೇಲೆ ಒತ್ತಿ ನೋಡಿ

ಮೈತೂಕ ನೋಡುವ ಯಂತ್ರವನ್ನು ಟೇಬಲ್ ಮೇಲೆ ಇಡಿ. ಕಾಲು ಜೋಡಿಸಿ ನಿಂತು, ಬರೀ ತೋಳಿನ ಬಲದಿಂದ 8 ಕಿಲೋ ತೋರಿಸುವಷ್ಟು ಒತ್ತಿ. ಇಪ್ಪತ್ತರವರೆಗೆ ಎಣಿಸಿ. ಭುಜ, ಕತ್ತು ಬಿಗಿಯುವುದು ನಿಮಗೇ ಗೊತ್ತಾಗುತ್ತದೆ. ಈಗ ಆ ಹೆಜ್ಜೆಯಲ್ಲಿ ನಿಂತು, ಅಂಗೈ ಇಟ್ಟು, ಹಿಂದಿನ ಪಾದದಿಂದ ಸೊಂಟವನ್ನು ಮುಂದಕ್ಕೆ ಕಳಿಸಿ ಅದೇ 8 ಕಿಲೋ ತನ್ನಿ. ಮಲಗಿರುವವರಿಗೆ ಎರಡೂ ಒಂದೇ ಒತ್ತಡ. ನಿಮಗೆ ಮಾತ್ರ ತೊಡೆಯಲ್ಲಿ ಬಿಸಿ, ಭುಜದಲ್ಲಿ ಏನೂ ಇಲ್ಲ. ನನಗೆ ನೂರು ಮಾತಿನಿಂದ ತಿಳಿಯದ್ದು ಈ ಒಂದು ಪರೀಕ್ಷೆಯಿಂದ ತಿಳಿಯಿತು.

ಆದರೆ ಮೈಭಾರ ಬಿಡುವುದೆಂದರೆ ಮೇಲೆ ಬೀಳುವುದಲ್ಲ. ಒತ್ತುತ್ತಿರುವಾಗ ಥಟ್ಟನೆ ಎರಡೂ ಕೈ ಎತ್ತಿ. ಮುಂದಕ್ಕೆ ಮುಗ್ಗರಿಸಿದಿರಾ? ಹಾಗಾದರೆ ಜಾಸ್ತಿ ವಾಲಿದ್ದೀರಿ. ಭಾರ ಯಾವಾಗಲೂ ಎರಡು ಪಾದಗಳ ನಡುವೆಯೇ ಇರಬೇಕು. ಇಲ್ಲದಿದ್ದರೆ ಕೆಳಗಿರುವವರಿಗೂ ಭಯ, ಅವರ ಮೈ ಬಿಗಿಯುತ್ತದೆ.

ಕೀಲುಗಳು ಸಾಲಾಗಿ ನಿಲ್ಲಲಿ

ಪಾದದಿಂದ ಬಂದ ಬಲ ದಾರಿಯಲ್ಲಿ ಎಲ್ಲಿ ಮುರಿದುಕೊಳ್ಳುತ್ತದೆಯೋ ಅಲ್ಲಿ ನೋವು. ಭುಜ, ಮೊಣಕೈ, ಮಣಿಕಟ್ಟು ಒಂದೇ ಸಾಲಿಗೆ ಬರಲಿ. ಮೊಣಕೈಯನ್ನು ಪೂರ್ತಿ ನೆಟ್ಟಗೆ ಬಿಗಿಯಬೇಡಿ, ಕೂದಲೆಳೆಯಷ್ಟು ಬಾಗಿರಲಿ. ಭುಜ ಇಳಿಬಿಡಿ. ಮೊಣಕೈ ನೆಲದ ಕಡೆ ನೋಡಲಿ, ರೆಕ್ಕೆಯಂತೆ ಪಕ್ಕಕ್ಕೆ ಏಳದಿರಲಿ.

ಹೆಬ್ಬೆರಳಿನ ಬಗ್ಗೆ ಕಟ್ಟುನಿಟ್ಟಾಗಿರಿ. ಅದರ ಬುಡದ ಕೀಲು ತಿರುಗಲು, ಹಿಡಿಯಲು ಇರುವುದು, ಇಡೀ ಮೈಭಾರ ಹೊರಲು ಅಲ್ಲ. ತುದಿ ಹಿಂದಕ್ಕೆ ಬಾಗುವಂತೆ ಒತ್ತಬೇಡಿ. ಬೆರಳಿನಿಂದಲೇ ಒತ್ತಬೇಕಾದ ಚಿಕ್ಕ ಜಾಗಕ್ಕೆ ಒಂದು ಹೆಬ್ಬೆರಳ ಮೇಲೆ ಇನ್ನೊಂದು ಕೈಯ ಅಂಗೈ ಇಟ್ಟು ಭಾರ ಕೊಡಿ. ಬೆನ್ನು, ತೊಡೆ, ಮೀನಖಂಡದಂತಹ ದೊಡ್ಡ ಜಾಗಕ್ಕೆ ಮುಂಗೈಯ ದಪ್ಪ ಭಾಗವೇ ಸರಿ. ನಾನು ಈಗ ಒಂದು ಗಂಟೆಯ ಮಸಾಜಿನಲ್ಲಿ ಹೆಬ್ಬೆರಳು ಬಳಸುವುದು ಐದು ನಿಮಿಷವೂ ಇಲ್ಲ. ಬಂದವರು ಯಾರೂ ದೂರಿಲ್ಲ.

ಉದ್ದ ನೀವುವಾಗ ಸೊಂಟ, ನಡೆಯುವಾಗ ಪಾದ

ಅಭ್ಯಂಗದಲ್ಲಿ ಭುಜದಿಂದ ಪಾದದವರೆಗೆ ಒಂದೇ ಎಳೆಯಲ್ಲಿ ಎಣ್ಣೆ ನೀವಬೇಕು. ಹೆಚ್ಚಿನವರು ನಿಂತಲ್ಲೇ ನಿಂತು ಕೈ ಚಾಚುತ್ತಾರೆ. ಕೊನೆಗೆ ಬೆನ್ನು ಬಾಗಿ, ಸೊಂಟ ತಿರುಚಿ, ಭಾರವೆಲ್ಲ ಕೆಳಬೆನ್ನಿಗೆ. ಹಾಗೆ ಮಾಡಬೇಡಿ. ಕೈ ಹೋದ ಕಡೆಗೆ ಪಾದವೂ ಹೋಗಲಿ, ಅದೇ ಗದ್ದೆಯ ಹೆಜ್ಜೆಯಲ್ಲಿ. ನಿಮ್ಮ ಹೊಕ್ಕುಳು ಯಾವಾಗಲೂ ಕೈಯ ಎದುರಿಗಿರಲಿ. ವೃತ್ತಾಕಾರದಲ್ಲಿ ನೀವುವಾಗಲೂ ಸುತ್ತಬೇಕಾದದ್ದು ಸೊಂಟ. ಕೈ ಅದರ ಜೊತೆ ಹೋಗುತ್ತದೆ, ಅಷ್ಟೇ. ಅರೆಯುವ ಕಲ್ಲಿನ ಮುಂದೆ ಕೂತ ಅಜ್ಜಿಯ ಇಡೀ ಮೈ ಹಿಂದೆ ಮುಂದೆ ತೂಗುತ್ತಿತ್ತಲ್ಲ, ಹಾಗೆ.

ಒತ್ತುವಾಗ ಉಸಿರು ಹೊರಗೆ, ಹಿಂದಕ್ಕೆ ಬರುವಾಗ ಒಳಗೆ. ಉಸಿರು ಕಟ್ಟಿಕೊಂಡರೆ ತೋಳಿನ ಬಲ ಮತ್ತೆ ನುಸುಳಿದೆ ಎಂದೇ ಲೆಕ್ಕ.

ಸಡಿಲ ಅಂದರೆ ಜೋಲು ಅಲ್ಲ

ಚೀನೀಯರು ಸೋಂಗ್ ಅನ್ನುತ್ತಾರೆ. ಸಡಿಲ ಎಂದು ಅರ್ಥ. ಆದರೆ ಒದ್ದೆ ಬಟ್ಟೆಯಂತೆ ಜೋಲುವುದಲ್ಲ. ಬೇಡದ ಬಿಗಿ ಬಿಡುವುದು, ಬೇಕಾದಷ್ಟು ಆಧಾರ ಉಳಿಸಿಕೊಳ್ಳುವುದು. ತೈ ಚಿಯಲ್ಲಿ ಇಬ್ಬರು ಎದುರು ಬದುರು ನಿಂತು, ಕೈಗೆ ಕೈ ತಾಗಿಸಿ, ಎದುರಿನವರ ಬಲ ಯಾವ ಕಡೆ ಬರುತ್ತಿದೆ ಎಂದು ಚರ್ಮದಿಂದಲೇ ತಿಳಿಯುವ ಅಭ್ಯಾಸ ಇದೆ. ಬಿಗಿದ ಕೈಗೆ ಅದು ತಿಳಿಯುವುದಿಲ್ಲ.

ನಮಗೂ ಇದೇ ಬೇಕು. ಗಂಟು ಸಿಕ್ಕಿದ ತಕ್ಷಣ ಅದರ ಜೊತೆ ಜಗಳಕ್ಕೆ ಇಳಿಯಬೇಡಿ. ಅದು ತಡೆಯುವಲ್ಲಿಗೆ ನಿಲ್ಲಿಸಿ, ಅಷ್ಟೇ ಭಾರ ಇಟ್ಟು ಕಾಯಿರಿ. ಎರಡು ಮೂರು ಉಸಿರಿನೊಳಗೆ ಅದು ತುಸು ಬಿಡುತ್ತದೆ. ಬಿಟ್ಟಷ್ಟೇ ಒಳಗೆ ಹೋಗಿ. ಕಾಫಿ ಕುಯ್ಲಿನ ಹೊತ್ತಿಗೆ ಭುಜ ನೋವೆಂದು ಬರುವ ತೋಟದ ಕೆಲಸದವರ ಮೈ ಗಟ್ಟಿ. ಬಲ ಹಾಕಿದಷ್ಟೂ ಅದು ಎದುರು ನಿಲ್ಲುತ್ತದೆ. ಕಾದರೆ ಮಾತ್ರ ಬಿಡುತ್ತದೆ.

ಎಷ್ಟೇ ಹಗುರ ಕೈಯಾದರೂ ಬೆನ್ನುಮೂಳೆಯ ಮೇಲೆ ನೇರವಾಗಿ ಒತ್ತಬಾರದು. ಕತ್ತಿನ ಮುಂಭಾಗ, ಉಬ್ಬಿದ ರಕ್ತನಾಳ ಮುಟ್ಟಬಾರದು. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಮಸಾಜ್ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಕಳಿಸಿ.

ನಿಮ್ಮ ಕೈಯ ಮಾತನ್ನೂ ಕೇಳಿ. ಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ, ಕೈಯಲ್ಲಿ ಹಿಡಿದ ಲೋಟ ಜಾರುತ್ತಿದ್ದರೆ, ಹೆಬ್ಬೆರಳ ಬುಡದ ನೋವು ಎರಡು ವಾರ ಕಳೆದರೂ ಇಳಿಯದಿದ್ದರೆ ಮೊದಲು ವೈದ್ಯರು, ಆಮೇಲೆ ತೈ ಚಿ. ನಾನು ಎಣ್ಣೆ ಹಚ್ಚಿಕೊಂಡು ಆರು ತಿಂಗಳು ತಳ್ಳಿದೆ. ಹಾಗೆ ತಳ್ಳಿದ್ದರಿಂದ ವಾಸಿಯಾಗಲು ಒಂದು ವರ್ಷ ಹಿಡಿಯಿತು.

ದಿನದ ಅಭ್ಯಾಸ

ಬೆಳಿಗ್ಗೆ ಹತ್ತು ನಿಮಿಷ ಸಾಕು. ಐದು ನಿಮಿಷ ಗದ್ದೆಯ ಹೆಜ್ಜೆ, ಎರಡು ನಿಮಿಷ ನಿಂತಲ್ಲೇ ಸೊಂಟ ತಿರುಗಿಸಿ ಕೈ ತೂಗಾಡಿಸುವುದು, ಉಳಿದ ಹೊತ್ತು ಮಂಡಿ ತುಸು ಬಾಗಿಸಿ ಸುಮ್ಮನೆ ನಿಂತು ಅಂಗಾಲಿನಲ್ಲಿ ಭಾರ ಎಲ್ಲಿದೆ ಎಂದು ನೋಡುವುದು. ಚಳಿಯಲ್ಲಿ ಬೆರಳು ಮರಗಟ್ಟಿದ್ದರೆ ಎಣ್ಣೆ ಬಿಸಿ ಮಾಡುವ ನೀರಿನಲ್ಲೇ ಕೈ ಬೆಚ್ಚಗೆ ಮಾಡಿಕೊಳ್ಳಿ. ಒಬ್ಬರಿಗೂ ಮತ್ತೊಬ್ಬರಿಗೂ ನಡುವೆ ಹದಿನೈದು ನಿಮಿಷ ಬಿಡುವು ಕೇಳಿ.

ನಾನು ಕಾಫಿ ಒಣಗಿಸುವ ಕಣದಲ್ಲಿ ಮಾಡುತ್ತೇನೆ. ಸಮತಟ್ಟು ನೆಲ, ಬರಿಗಾಲಿಗೆ ಹಿತ. ಡಿಸೆಂಬರ್ ಬಂದು ಕಣದ ತುಂಬ ಕಾಫಿ ಹರಡಿದ ಮೇಲೆ ಜಗಲಿಗೆ ಹೋಗುತ್ತೇನೆ. ಅಲ್ಲಿ ಆರು ಹೆಜ್ಜೆಗೆ ಜಾಗ ಇದೆ. ಆರು ಹೆಜ್ಜೆ ಹೋಗಿ, ತಿರುಗಿ, ಆರು ಹೆಜ್ಜೆ ಬರುತ್ತೇನೆ.