ದೊಡ್ಡ ಪರದೆಯ ಇ-ರೀಡರ್: ಕೊಳ್ಳುವ ಮುಂಚೆ ಒಮ್ಮೆ ಜೆರಾಕ್ಸ್ ಅಂಗಡಿಗೆ ಹೋಗಿ

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ರೈಲಿನಲ್ಲಿ ದಿನಾ ಹೋಗಿ ಬರುವ ನಮ್ಮಂಥವರಿಗೆ ಓದಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಅದಕ್ಕೆಂದೇ 6 ಇಂಚಿನ ಇ-ರೀಡರ್, ಅಂದರೆ ಪುಸ್ತಕ ಓದಲೆಂದೇ ಮಾಡಿದ ಸಾಧನ, ಕೊಂಡಿದ್ದೆ (ಪರದೆಯ ಇಂಚು ಎಂದರೆ ಮೂಲೆಯಿಂದ ಎದುರು ಮೂಲೆಗೆ ಇರುವ ಅಳತೆ). ಕಾದಂಬರಿಗೆ ಅದು ಸಾಕು. ಆಫೀಸಿನ ಪಿಡಿಎಫ್ ತೆರೆದರೆ ಮಾತ್ರ ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಕಣ್ಣು ಸೋಲುತ್ತಿತ್ತು. ಎ4 ಪುಟ ಅದರಲ್ಲಿ ಶೇ 40ರಷ್ಟಕ್ಕೆ ಕುಗ್ಗುತ್ತದೆ.

ಹಾಗಾಗಿ ಮೊದಲು ಸ್ಕೇಲ್ ಹಿಡಿದು, ನೀವು ಹೆಚ್ಚು ಓದುವ ಪುಟವನ್ನು ಅಳೆಯಿರಿ. ಡೆಮಿ 1/8 ಅಳತೆಯ ಕನ್ನಡ ಪುಸ್ತಕ ಸುಮಾರು 5.5 x 8.5 ಇಂಚು. 10.3 ಇಂಚಿನ ಪರದೆಯಲ್ಲಿ ಅದು ಹೆಚ್ಚುಕಡಿಮೆ ಇದ್ದಂತೆಯೇ ಕೂರುತ್ತದೆ. ಎ4 ಪುಟ ಅದೇ ಪರದೆಯಲ್ಲಿ ಶೇ 70ಕ್ಕೆ ಇಳಿಯುತ್ತದೆ, 13.3 ಇಂಚಿನದರಲ್ಲಿ ಶೇ 90ರಷ್ಟು ಉಳಿಯುತ್ತದೆ.

ಇನ್ನು ಜೆರಾಕ್ಸ್. ಬಿ.ಎಚ್. ರಸ್ತೆಯ ಯಾವುದಾದರೂ ಅಂಗಡಿಯಲ್ಲಿ ನಿಮ್ಮದೇ ಒಂದು ಎ4 ಹಾಳೆ ಕೊಟ್ಟು, ‘70 ಪರ್ಸೆಂಟಿಗೆ ಇಳಿಸಿ ತೆಗೆಯಿರಿ’ ಎನ್ನಿ. ಸಾವಿರಾರು ರೂಪಾಯಿ ಸುರಿಯುವ ಮುಂಚೆ ಕೆಲವೇ ರೂಪಾಯಿಯಲ್ಲಿ ಮುಗಿಯುವ ಪರೀಕ್ಷೆ ಇದು. ಪುಟದಲ್ಲಿ ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳಿರಲಿ. ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆಯೇ? ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು ಅಷ್ಟೇ, ಅದು ಮುಚ್ಚಿಹೋಗಿದ್ದರೆ 10.3 ಇಂಚು ನಿಮಗಲ್ಲ. ಇಂಗ್ಲಿಷ್ ಹಾಳೆ ಇಟ್ಟು ನೋಡಿ ತೀರ್ಮಾನಿಸಬೇಡಿ, ಆ ಅಕ್ಷರಗಳಿಗೆ ಒತ್ತಿನ ಕಾಟವಿಲ್ಲ.

ನಂತರ ನಿಮ್ಮ ಫೈಲುಗಳ ಜಾತಿ ನೋಡಿ. ಯೂನಿಕೋಡ್‌ನಲ್ಲಿರುವ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಇ-ಪಬ್, ಅಂದರೆ ಇ-ಪುಸ್ತಕದ ಫೈಲ್ ಆದರೆ ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಚಿಕ್ಕ ಪರದೆಯೂ ನಡೆಯುತ್ತದೆ. ಹಳೆಯ ಪುಸ್ತಕಗಳ ಸ್ಕ್ಯಾನ್ ಎಂದರೆ ಪುಟದ ಫೋಟೊ. ಅಕ್ಷರ ಹಿಗ್ಗುವುದಿಲ್ಲ, ಅಂಚು ಕತ್ತರಿಸಿ ತೋರಿಸುವ ಸೌಲಭ್ಯ ಇರಲೇಬೇಕು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ ವರ್ಡ್ ಫೈಲಿದ್ದರೆ ಮೊದಲೇ ಯೂನಿಕೋಡ್‌ಗೆ ಬದಲಿಸಿ. ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅಮೆಜಾನ್‌ನ ಇ-ರೀಡರ್ ಕಿಂಡಲ್ 2016ರಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕ ತಂದಾಗ ಅದರಲ್ಲಿ ಕನ್ನಡ ಇರಲಿಲ್ಲ. ಅದು ನನಗೆ ಇಂದಿಗೂ ನೋವಿನ ವಿಷಯ. ಆದ್ದರಿಂದ ಯಾವ ಕಂಪನಿಯದಾದರೂ ಸರಿ, ‘ಕನ್ನಡ ಬರುತ್ತೆ ಸರ್’ ಎಂಬ ಮಾತನ್ನು ನಂಬದೆ ನಿಮ್ಮ ಫೈಲನ್ನೇ ಹಾಕಿಸಿ ನೋಡಿ.

ಪರದೆಯ ಸಾಂದ್ರತೆ ಇಂಚಿಗೆ 300 ಚುಕ್ಕೆ ಇದ್ದರೆ ಒಳ್ಳೆಯದು, 13.3 ಇಂಚಿನ ಹಲವು ಮಾದರಿಗಳಲ್ಲಿ 207 ಮಾತ್ರ. ಬಣ್ಣದ ಪರದೆ ಪುಸ್ತಕಕ್ಕೆ ಬೇಕಿಲ್ಲ. ಒಳಗೆ ಬೆಳಕಿದೆಯೇ ಎಂದು ಕೇಳಿ, ದೊಡ್ಡ ಮಾದರಿಗಳಲ್ಲಿ ಕೆಲವಕ್ಕೆ ಇರುವುದಿಲ್ಲ. ಕೊನೆಗೆ ಕವರ್ ಸಮೇತ ಒಂದೇ ಕೈಯಲ್ಲಿ ಐದು ನಿಮಿಷ ಹಿಡಿದು ನಿಲ್ಲಿ. ಸೀಟು ಸಿಗದ ದಿನ ಇನ್ನೊಂದು ಕೈ ಕಂಬಿ ಹಿಡಿದಿರುತ್ತದೆ.